ಸಾವಿರದ ವಿಮಾನವೂ ಮೊದಲಿನದರಂತೆ ಹಾರಬೇಕು

ಅಮೆರಿಕದಲ್ಲಿ ಮನೆಯಲ್ಲೇ ಕಟ್ಟಿದ ವಿಮಾನವನ್ನು ಹತ್ತುವಾಗ ಬಾಗಿಲ ಬಳಿ ಎರಡು ಇಂಚು ಎತ್ತರದ ಅಕ್ಷರಗಳಲ್ಲಿ ‘ಎಕ್ಸ್‌ಪೆರಿಮೆಂಟಲ್’ ಎಂಬ ಬರಹ ಕಾಣುತ್ತದೆ. ಒಳಗೆ ಕೂತರೆ ಎದುರಿಗೇ ಇನ್ನೊಂದು ಫಲಕ: ಇದು ಹವ್ಯಾಸಿಗಳು ಕಟ್ಟಿದ ವಿಮಾನ, ಮಾಮೂಲಿ ವಿಮಾನಗಳಿಗಿರುವ ಸುರಕ್ಷತಾ ನಿಯಮಗಳನ್ನು ಇದು ಪಾಲಿಸಿಲ್ಲ. ಪಕ್ಕದಲ್ಲಿ ಕೂರುವವರ ಕಣ್ಣಿಗೆ ಬೀಳುವ ಹಾಗೆಯೇ ಅದನ್ನು ಹಾಕಿರಬೇಕೆಂದು ಕಾನೂನು ಹೇಳುತ್ತದೆ. ಕಟ್ಟಿದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹವ್ಯಾಸಿಯ ಕೈಯಿಂದಲೇ ಆಗಿರಬೇಕು, ಅದೂ ಕಲಿಕೆಗಾಗಿ ಅಥವಾ ಖುಷಿಗಾಗಿ. ಅಷ್ಟಿದ್ದರೆ ಗ್ಯಾರೇಜಿನಲ್ಲಿ ಕಟ್ಟಿದ್ದನ್ನು ಆಕಾಶಕ್ಕೆ ಒಯ್ಯಲು ಅಡ್ಡಿಯಿಲ್ಲ. ಪ್ರತಿ ಬೇಸಿಗೆ ವಿಸ್ಕಾನ್ಸಿನ್ ರಾಜ್ಯದ ಆಶ್ಕಾಶ್ ಊರಿನಲ್ಲಿ ಇಂಥ ವಿಮಾನಗಳ ದೊಡ್ಡ ಜಾತ್ರೆಯೇ ನಡೆಯುತ್ತದೆ.

ಅಲ್ಲಿ ಜನ ಮೆಚ್ಚಿದ ವಿಮಾನವನ್ನು ಕಂಡಾಗಲೆಲ್ಲ ಯಾರಾದರೊಬ್ಬರಿಗೆ ಒಂದು ಆಸೆ ಹುಟ್ಟುತ್ತದೆ. ಇಷ್ಟು ಚೆನ್ನಾಗಿ ಹಾರುವುದನ್ನು ಕಾರ್ಖಾನೆಯಲ್ಲೇ ಕಟ್ಟಿ, ಕೀಲಿ ಕೈಗಿತ್ತು ಮಾರಿದರೆ ಹೇಗೆ? ಕೇಳಲು ಸಲೀಸಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿ ಹೊರಟವರಲ್ಲಿ ಕೆಲವರು ದಿವಾಳಿಯಾದರು, ಕೆಲವರು ತಾವೇ ಕಟ್ಟಿದ ಕಂಪನಿಯಿಂದ ಹೊರಬಿದ್ದರು, ಕೆಲವರು ಜೀವವನ್ನೇ ಕೊಟ್ಟರು. ಗೆದ್ದವರ ಕಥೆಯಲ್ಲೂ ಈ ನಷ್ಟಗಳೆಲ್ಲ ಇವೆ. ವಿಮಾನ ಹಾರುತ್ತದೆಯೇ ಎಂಬ ಪ್ರಶ್ನೆ ಮೊದಲ ಹಾರಾಟದ ದಿನವೇ ತೀರಿಹೋಗಿರುತ್ತದೆ. ನೂರಾರು ಕೈಗಳು ಕಟ್ಟುವ ಸಾವಿರದ ವಿಮಾನವೂ ಅದೇ ಥರ ಹಾರುತ್ತದೆ ಎಂದು ಕಟ್ಟಿದವನನ್ನು ಕಣ್ಣಲ್ಲೂ ನೋಡದ ಒಬ್ಬ ಗಿರಾಕಿ ನಂಬುವಂತೆ ಮಾಡುವುದೇ ಕಷ್ಟದ ಕೆಲಸ.

ಗೆದ್ದವರಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವುದು ಸಿರಸ್. ಅಲನ್ ಮತ್ತು ಡೇಲ್ ಕ್ಲಾಪ್‌ಮೈಯರ್ ಎಂಬ ಅಣ್ಣ ತಮ್ಮ 1984ರಲ್ಲಿ ವಿಸ್ಕಾನ್ಸಿನ್‌ನ ಬ್ಯಾರಬೂ ಬಳಿ ಅಪ್ಪ ಅಮ್ಮನ ಹಳೆಯ ಹಸುವಿನ ಕೊಟ್ಟಿಗೆಯಲ್ಲಿ ಶುರು ಮಾಡಿದ ಕಂಪನಿ ಅದು. ಅವರ ಮೊದಲ ಕೂಸು ವಿಕೆ-30. ಇಂಜಿನಿಯರ್ ಜೆಫ್ ವೈಕನ್ ಅವರ ಜತೆ ಸೇರಿ ರೂಪಿಸಿದ್ದರಿಂದ ಎರಡು ಮನೆತನಗಳ ಮೊದಲಕ್ಷರಗಳು ಆ ಹೆಸರಿನಲ್ಲಿವೆ. ಐದು ಆಸನ, ಫೈಬರ್‌ಗ್ಲಾಸಿನ ನುಣುಪಾದ ಮೈ, ಮಡಚಿ ಒಳಗೆ ಸೇರುವ ಚಕ್ರ. ಇಂಜಿನ್ ಹೊಟ್ಟೆಯ ಮಧ್ಯೆ, ಅಲ್ಲಿಂದ ಉದ್ದನೆಯ ಶಾಫ್ಟು, ಪ್ರೊಪೆಲ್ಲರ್ ಬಾಲದ ತುದಿಯಲ್ಲಿ! 1987ರಲ್ಲಿ ಆಶ್ಕಾಶ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಸುತ್ತುಗಟ್ಟಿ ನೋಡಿದರು. 1988ರ ಫೆಬ್ರುವರಿಯಲ್ಲಿ ಅದು ಹಾರಿತು. ಬಿಡಿಭಾಗಗಳ ಕಿಟ್ ಮಾರಾಟವೂ ಶುರುವಾಯಿತು.

ಆದರೆ ಕಿಟ್ ಕೊಂಡವರಲ್ಲಿ ವಿಮಾನ ಕಟ್ಟಿ ಮುಗಿಸಿದವರು ಕಡಿಮೆ. ಐದು ಆಸನದ, ಇಷ್ಟು ಜಟಿಲವಾದ ಯಂತ್ರವನ್ನು ಶನಿವಾರ ಭಾನುವಾರದ ಬಿಡುವಿನಲ್ಲಿ ಕಟ್ಟಲು ಹೊರಟವನಿಗೆ ವರ್ಷಗಳೇ ಬೇಕು. ಅಂಥ ವಿಮಾನ ಕೊಳ್ಳುವಷ್ಟು ದುಡ್ಡಿದ್ದವರ ಹತ್ತಿರ ಅಷ್ಟು ಹೊತ್ತಿರಲಿಲ್ಲ, ಹೊತ್ತಿದ್ದವರ ಹತ್ತಿರ ದುಡ್ಡಿರಲಿಲ್ಲ. ಸಹೋದರರು ಇಸ್ರೇಲಿ ಕಂಪನಿಯೊಂದಕ್ಕೆ ಎಸ್‌ಟಿ-50 ಎಂಬ ವಿಮಾನ ರೂಪಿಸಿಕೊಡುವ ಗುತ್ತಿಗೆ ಹಿಡಿದು ಹೊಟ್ಟೆಪಾಡು ನೋಡಿಕೊಂಡರು. 1994ರಲ್ಲಿ ಮಿನೆಸೋಟದ ಡುಲುತ್‌ಗೆ ಬಿಡಾರ ಬದಲಿಸಿದರು. ಅಷ್ಟರಲ್ಲಿ ಅವರ ತಲೆಯಲ್ಲಿದ್ದದ್ದು ಕಿಟ್ ಅಲ್ಲ, ಸಂಪೂರ್ಣ ಸಿದ್ಧವಾದ ವಿಮಾನ.

ಅದಕ್ಕೆ ಕಾಲವೂ ಕೂಡಿಬಂತು. 1978ರಲ್ಲಿ ಅಮೆರಿಕದ ಕಂಪನಿಗಳು ಒಂದೇ ವರ್ಷ 17 ಸಾವಿರಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ಮಾರಿದ್ದವು. 1994ರ ಹೊತ್ತಿಗೆ ಅದು ಸಾವಿರಕ್ಕಿಂತ ಕೆಳಗಿಳಿದಿತ್ತು. ದಶಕಗಳ ಹಿಂದೆ ಮಾರಿದ ವಿಮಾನ ಬಿದ್ದರೂ ಕಂಪನಿಯ ಮೇಲೆ ಪರಿಹಾರದ ದಾವೆ ಬೀಳುತ್ತಿತ್ತು. ಸೆಸ್ನಾ ಕಂಪನಿ 1986ರಲ್ಲೇ ಪಿಸ್ಟನ್ ಇಂಜಿನ್ನಿನ ಸಣ್ಣ ವಿಮಾನಗಳ ತಯಾರಿಕೆ ನಿಲ್ಲಿಸಿಬಿಟ್ಟಿತ್ತು. 18 ವರ್ಷ ದಾಟಿದ ವಿಮಾನದ ಹೊಣೆ ತಯಾರಕನದಲ್ಲ ಎಂಬ ಕಾನೂನನ್ನು 1994ರಲ್ಲಿ ಅಮೆರಿಕದ ಸಂಸತ್ತು ತಂದಿತು. ಅದೇ ಹೊತ್ತಿಗೆ ನಾಸಾ ಸಣ್ಣ ವಿಮಾನಗಳಿಗಾಗಿ ‘ಅಗೇಟ್’ ಎಂಬ ಸಂಶೋಧನಾ ಕಾರ್ಯಕ್ರಮ ಶುರು ಮಾಡಿತು. ಹೊಸಬರಿಗೆ ಬಾಗಿಲು ತೆರೆಯಿತು.

ಸಿರಸ್‌ನವರು ಆಗ ಮಾಡಿದ ಮೊದಲ ಕೆಲಸ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಜನ ಸುತ್ತುಗಟ್ಟಿ ನೋಡಿದ್ದನ್ನೆಲ್ಲ ಅವರು ಕೈಬಿಟ್ಟರು. 1995ರ ಮಾರ್ಚಿನಲ್ಲಿ ಹಾರಿದ ಎಸ್‌ಆರ್‌20ರಲ್ಲಿ ಪ್ರೊಪೆಲ್ಲರ್ ಎಲ್ಲ ವಿಮಾನಗಳಂತೆ ಮೂತಿಗೆ ಬಂದಿತ್ತು. ಐದು ಆಸನ ನಾಲ್ಕಾಯಿತು. ಚಕ್ರ ಮಡಚುವುದಿಲ್ಲ, ಗಟ್ಟಿಯಾಗಿ ಕೆಳಗೇ ನಿಲ್ಲುತ್ತದೆ. ಮಡಚುವ ಚಕ್ರಕ್ಕೆ ಪಂಪು, ಬಾಗಿಲು, ಸ್ವಿಚ್ಚು, ಅದನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡುವ ಮೆಕ್ಯಾನಿಕ್, ಇಳಿಸಲು ಮರೆತ ಪೈಲಟ್, ಅದಕ್ಕೆಲ್ಲ ವಿಮೆ. ಕಿಟ್ ಕಟ್ಟುವವನಿಗೆ ಜಟಿಲತೆಯೇ ಖುಷಿ, ಅವನಿಗೆ ತನ್ನ ವಿಮಾನದ ಪ್ರತಿ ಬೋಲ್ಟೂ ಗೊತ್ತು. ದುಡ್ಡು ಕೊಟ್ಟು ಕೊಂಡವನಿಗೆ ಒಂದೂ ಗೊತ್ತಿರುವುದಿಲ್ಲ. ಆದ್ದರಿಂದ ಬೋಲ್ಟುಗಳೇ ಕಡಿಮೆಯಾಗಬೇಕು. ಉಳಿದದ್ದು ವಿಕೆ-30 ಕಲಿಸಿಕೊಟ್ಟ ಪಾಠ: ಫೈಬರ್‌ಗ್ಲಾಸನ್ನು ಅಚ್ಚಿನಲ್ಲಿ ಹಾಸಿ, ಅಂಟಿಸಿ, ಗಾಳಿ ಸಲೀಸಾಗಿ ಜಾರುವ ಮೈ ಮಾಡುವ ವಿದ್ಯೆ.

ಇದೇ ಬುದ್ಧಿಯನ್ನು ಮೂರು ದಶಕ ಮೊದಲು ತೋರಿಸಿದ್ದು ಜಿಮ್ ಬೀಡ್ ಅವರ ಬಿಡಿ-1. 1963ರಲ್ಲಿ ಹಾರಿದ ಆ ಪುಟ್ಟ ವಿಮಾನವನ್ನು ಬೀಡ್ ರೂಪಿಸಿದ್ದು ಕಿಟ್ ಮಾರುವುದಕ್ಕೆ. ಬಾಲದ ನೆಟ್ಟನೆಯ ರೆಕ್ಕೆ ಮತ್ತು ಎರಡು ಅಡ್ಡ ರೆಕ್ಕೆಗಳು ಒಂದೇ ಅಚ್ಚಿನವು, ಯಾವುದನ್ನು ಎಲ್ಲಿ ಬೇಕಾದರೂ ಹಾಕಬಹುದು. ಮುಖ್ಯ ರೆಕ್ಕೆಯ ಬೆನ್ನೆಲುಬು ಒಂದು ಕೊಳವೆ, ಪೆಟ್ರೋಲ್ ಟ್ಯಾಂಕೂ ಅದೇ. ಅಲ್ಯುಮಿನಿಯಂ ತಗಡನ್ನು ರಿವೆಟ್ ಬದಲು ಅಂಟಿನಿಂದ ಕೂಡಿಸಿದ್ದರು. ಕಂಪನಿಯಲ್ಲಿ ದುಡ್ಡು ಹೂಡಿದವರು ಬೀಡ್ ಅವರನ್ನೇ ಹೊರಹಾಕಿದರು. ಅಮೆರಿಕನ್ ಏವಿಯೇಶನ್ ಎಂದು ಹೆಸರು ಬದಲಿಸಿಕೊಂಡ ಕಂಪನಿ ವಿಮಾನವನ್ನು ಸಾಕಷ್ಟು ತಿದ್ದಿ, 1967ರಲ್ಲಿ ಪ್ರಮಾಣಪತ್ರ ಪಡೆದು, ‘ಯಾಂಕಿ’ ಎಂದು ಮಾರಿತು. ರೂಪಿಸಿದವನ ಹೆಸರು ಅದರ ಮೇಲಿರಲಿಲ್ಲ. ಬೀಡ್ ಮುಂದೆ ಬಿಡಿ-5 ಎಂಬ ಕಿಟ್‌ಗೆ ಸಾವಿರಾರು ಜನರನ್ನು ಸೆಳೆದರು. ಅದಕ್ಕೆ ಹೊಂದುವ ಇಂಜಿನ್ ಸರಿಯಾಗಿ ಪೂರೈಕೆಯಾಗದೆ ಕಂಪನಿ ಮುಳುಗಿತು.

ಪ್ರಮಾಣಪತ್ರ ಎಂದೆ. ಅಮೆರಿಕದ ವಾಯುಯಾನ ಪ್ರಾಧಿಕಾರ ಎಫ್‌ಎಎ ಅದನ್ನು ಎರಡು ಹಂತದಲ್ಲಿ ಕೊಡುತ್ತದೆ. ಟೈಪ್ ಸರ್ಟಿಫಿಕೇಟ್ ಎಂಬುದು ವಿನ್ಯಾಸಕ್ಕೆ. ಸಿರಸ್ ಕಾಲದ ನಿಯಮದಂತೆ, ಒಂದು ಇಂಜಿನ್ನಿನ ಮಾಮೂಲಿ ವಿಮಾನ 61 ನಾಟ್ ವೇಗಕ್ಕೆ ಇಳಿಯುವವರೆಗೂ ರೆಕ್ಕೆಯ ಮೇಲೆ ನಿಲ್ಲಬೇಕು. ತನ್ನ ತೂಕದ 3.8 ಪಟ್ಟು ಹೊರೆಯನ್ನು ರೆಕ್ಕೆ ನೋಯದೆ ಹೊರಬೇಕು, ಅದರ ಒಂದೂವರೆ ಪಟ್ಟು ಹೇರಿದರೂ ಮುರಿಯಕೂಡದು. ಮುಂದಿನ ಆಸನವನ್ನು ಹಳಿಯ ಮೇಲೆ ಗೊಂಬೆ ಕೂರಿಸಿ ಓಡಿಸಿ ಡಿಕ್ಕಿ ಹೊಡೆಸಿ, ಗುರುತ್ವದ 26 ಪಟ್ಟು ಏಟಿಗೆ ಬೆಲ್ಟು, ಆಸನ ಕಿತ್ತುಬರುವುದಿಲ್ಲ ಎಂದು ತೋರಿಸಬೇಕು. ಫೈಬರ್‌ಗ್ಲಾಸ್ ಆದರೆ ಇನ್ನೊಂದು ಚಿಂತೆ. ಬಿಸಿಲಿಗೆ ಕಾದರೆ ಅದರ ಕಸುವು ಇಳಿಯುತ್ತದೆ. ಆದ್ದರಿಂದ ಬಿಸಿಯಾಗಿ, ತೇವ ಹೀರಿಕೊಂಡ ಸ್ಥಿತಿಯಲ್ಲೂ ಅದು ಹೊರೆ ತಾಳುತ್ತದೆ ಎಂದು ಸಾಬೀತು ಮಾಡಬೇಕು. ಇಂಥ ವಿಮಾನಗಳು ಹೆಚ್ಚಾಗಿ ಬಿಳಿಯ ಬಣ್ಣದಲ್ಲೇ ಕಾಣುವುದಕ್ಕೆ ಕಾರಣ ಇದೇ.

ಸಿರಸ್ ಇದಕ್ಕೆಲ್ಲ ಇನ್ನೊಂದನ್ನು ಸೇರಿಸಿತು. 1985ರಲ್ಲಿ ಅಲನ್ ಕ್ಲಾಪ್‌ಮೈಯರ್ ತರಬೇತಿ ಹಾರಾಟದಲ್ಲಿದ್ದಾಗ ಗಾಳಿಯಲ್ಲೇ ಇನ್ನೊಂದು ವಿಮಾನ ಬಂದು ತಾಗಿತ್ತು. ರೆಕ್ಕೆಯ ತುದಿ, ವಿಮಾನವನ್ನು ವಾಲಿಸುವ ಏಲರಾನ್ ಎಂಬ ರೆಕ್ಕೆಯಂಚಿನ ಪಟ್ಟಿಯ ಒಂದು ಭಾಗ ಮುರಿದುಹೋಗಿದ್ದರೂ ಅವರ ವಿಮಾನ ಹೇಗೋ ಇಳಿಯಿತು. ಎದುರಿನ ಪೈಲಟ್ ಉಳಿಯಲಿಲ್ಲ. ಪೈಲಟ್ ಎಷ್ಟೇ ಜಾಣನಾದರೂ ಏನೂ ಮಾಡಲಾಗದ ಗಳಿಗೆಯೊಂದು ಬರಬಹುದು ಎಂಬುದು ಅಲನ್ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಎಸ್‌ಆರ್‌20ರಲ್ಲಿ ಇಡೀ ವಿಮಾನಕ್ಕೇ ಒಂದು ಪ್ಯಾರಾಚೂಟ್ ಕೊಟ್ಟರು. ಚಾವಣಿಯಲ್ಲಿರುವ ಕೆಂಪು ಹಿಡಿ ಎಳೆದರೆ ಸಣ್ಣ ರಾಕೆಟ್ಟೊಂದು ಪ್ಯಾರಾಚೂಟನ್ನು ಹೊರಗೆಳೆಯುತ್ತದೆ. ಮೈಯ ಪದರದಡಿ ಹುದುಗಿಸಿಟ್ಟ ಪಟ್ಟಿಗಳು ಹೊದಿಕೆಯನ್ನು ಸೀಳಿಕೊಂಡು ಮೇಲೆದ್ದು ವಿಮಾನವನ್ನು ತೂಗುತ್ತವೆ. ಗಿರಕಿ ಹೊಡೆಯುತ್ತ ಬೀಳುವ ಸ್ಥಿತಿಯಿಂದ ವಿಮಾನ ಚೇತರಿಸಿಕೊಳ್ಳುತ್ತದೆ ಎಂದು ತೋರಿಸುವ ನಿಯಮಕ್ಕೆ ಬದಲಾಗಿ ಈ ಪ್ಯಾರಾಚೂಟನ್ನು ಎಫ್‌ಎಎ ಒಪ್ಪಿಕೊಂಡಿತು.

ಆ ದಾರಿಯಲ್ಲಿ ಇಬ್ಬರು ಜೀವ ತೆತ್ತರು. ಬಾಹ್ಯಾಕಾಶ ನೌಕೆಯನ್ನು ಮುನ್ನಡೆಸಿದ್ದ ಗಗನಯಾತ್ರಿ ರಾಬರ್ಟ್ ಓವರ್‌ಮೈಯರ್ ಸಿರಸ್‌ನಲ್ಲಿ ಪರೀಕ್ಷಾ ಪೈಲಟ್ ಆಗಿದ್ದರು. 1996ರ ಮಾರ್ಚ್ 22ರಂದು ಡುಲುತ್‌ನಲ್ಲಿ ವಿಕೆ-30ರ ಪರೀಕ್ಷೆ ನಡೆಸುತ್ತಿದ್ದಾಗ ಬಿದ್ದು ತೀರಿಕೊಂಡರು. ಪ್ಯಾರಾಚೂಟನ್ನು ಹಾರಾಟದಲ್ಲೇ ಬಿಚ್ಚಿ ಪರೀಕ್ಷಿಸಿದ್ದು ಸ್ಕಾಟ್ ಆಂಡರ್ಸನ್. ಡುಲುತ್‌ನವರೇ ಆದ ಅವರು ಏರ್ ನ್ಯಾಶನಲ್ ಗಾರ್ಡ್‌ನಲ್ಲಿ ಎಫ್-16 ಹಾರಿಸುತ್ತಿದ್ದವರು. 1998ರ ಅಕ್ಟೋಬರಿನಲ್ಲಿ ಎಸ್‌ಆರ್‌20ಕ್ಕೆ ಟೈಪ್ ಸರ್ಟಿಫಿಕೇಟ್ ಸಿಕ್ಕಿತು. ಎಲ್ಲ ಮುಗಿಯಿತು ಎನ್ನುವ ಹೊತ್ತು. 1999ರ ಮಾರ್ಚ್ 23ರಂದು ಆಂಡರ್ಸನ್, ಮಾರಾಟಕ್ಕೆಂದು ಕಟ್ಟುತ್ತಿದ್ದ ಸರಣಿಯ ವಿಮಾನವೊಂದನ್ನು ಪರೀಕ್ಷೆಗೆ ಹಾರಿಸಿದರು. ಏಲರಾನ್ ಸಿಕ್ಕಿಹಾಕಿಕೊಂಡಿತು. ಆ ವಿಮಾನಕ್ಕೆ ಪ್ಯಾರಾಚೂಟ್ ಇನ್ನೂ ಅಳವಡಿಸಿರಲಿಲ್ಲ.

ವಿನ್ಯಾಸ ಸರಿಯಿದೆ ಎಂದು ಸರ್ಕಾರ ಮುದ್ರೆ ಒತ್ತಿ ಐದು ತಿಂಗಳಾಗಿತ್ತು ಎಂಬುದನ್ನು ಗಮನಿಸಿ. ಕಾಗದದ ಮೇಲಿರುವ ಅಳತೆಗೂ ಕಾರ್ಖಾನೆಯಿಂದ ಹೊರಬರುವ ತುಂಡಿಗೂ ನಡುವೆ ಕೂದಲೆಳೆಯ ವ್ಯತ್ಯಾಸ ಉಳಿಯುತ್ತದೆ, ಆ ಎಳೆಯಲ್ಲೇ ಒಂದು ಜೀವ ಹೋಗಬಹುದು. ಏಲರಾನ್ ಮತ್ತೆ ಹಾಗೆ ಸಿಕ್ಕಿಕೊಳ್ಳದಂತೆ ವಿನ್ಯಾಸ ತಿದ್ದಿದರು. ಅದೇ ಜುಲೈಯಲ್ಲಿ ಮೊದಲ ಎಸ್‌ಆರ್‌20 ಗಿರಾಕಿಯ ಕೈಸೇರಿತು. ಇನ್ನೂ ಬಲಶಾಲಿಯಾದ ಎಸ್‌ಆರ್‌22 ಮಾರನೆಯ ವರ್ಷ ಪ್ರಮಾಣಪತ್ರ ಪಡೆಯಿತು. 2002ರ ಅಕ್ಟೋಬರಿನಲ್ಲಿ ಟೆಕ್ಸಾಸ್‌ನಲ್ಲಿ ದುರಸ್ತಿಯಾಗಿ ಬಂದ ಒಂದು ಎಸ್‌ಆರ್‌22ರ ಏಲರಾನ್ ಗಾಳಿಯಲ್ಲಿ ಕಳಚಿಕೊಂಡಿತು. ಪೈಲಟ್ ಕೆಂಪು ಹಿಡಿ ಎಳೆದರು, ಬದುಕಿದರು. ಅಂದಿನಿಂದ ಆ ಪ್ಯಾರಾಚೂಟ್ ಇನ್ನೂರಕ್ಕೂ ಹೆಚ್ಚು ಜನರನ್ನು ಉಳಿಸಿದೆ.

ಟೈಪ್ ಸರ್ಟಿಫಿಕೇಟ್ ಆದ ಮೇಲೆ ಎರಡನೆಯದು ಪ್ರೊಡಕ್ಷನ್ ಸರ್ಟಿಫಿಕೇಟ್. ಅದೇ ವಿಮಾನವನ್ನು ಮತ್ತೆ ಮತ್ತೆ ಅದೇ ಥರ ಕಟ್ಟುವ ಶಕ್ತಿ ಈ ಕಾರ್ಖಾನೆಗಿದೆ ಎಂಬ ಮುದ್ರೆ. ಇದು ಪತ್ರಿಕೆಗಳಲ್ಲಿ ಸುದ್ದಿಯಾಗುವುದಿಲ್ಲ. ನನ್ನ ಪ್ರಕಾರ ಅಸಲಿ ಕೆಲಸ ಇಲ್ಲೇ ಇದೆ.

ಮನೆಯಲ್ಲಿ ಕಟ್ಟುವವನು ಎಪಾಕ್ಸಿ ಮತ್ತು ಗಟ್ಟಿಕಾರಕವನ್ನು ಲೋಟದಲ್ಲಿ ತೂಗಿ ಕಲಸುತ್ತಾನೆ, ಗಾಜಿನ ಬಟ್ಟೆಯ ಮೇಲೆ ಸುರಿದು ಹೆಚ್ಚಿನದನ್ನು ಸವರಿ ತೆಗೆಯುತ್ತಾನೆ. ಚಳಿ ಜಾಸ್ತಿ ಇದ್ದ ದಿನ ಕೆಲಸ ಬಿಟ್ಟು ಮನೆಯೊಳಗೆ ಹೋಗುತ್ತಾನೆ. ಆ ತೀರ್ಮಾನ ಅವನ ಕೈಗೆ, ಕಣ್ಣಿಗೆ ಬಿಟ್ಟದ್ದು. ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಹೋದವನ ಜಾಗಕ್ಕೆ ಬಂದವನು ಇವನ ಕಣ್ಣನ್ನು ತರುವುದಿಲ್ಲ. ಅದಕ್ಕಾಗಿ ಎಲ್ಲವೂ ಬರಹಕ್ಕಿಳಿಯಬೇಕು: ಯಾವ ಬ್ಯಾಚಿನ ಅಂಟು, ಎಷ್ಟು ಹೊತ್ತಿಗೆ ಕಲಸಿದ್ದು, ಕೋಣೆಯ ಉಷ್ಣತೆ ಎಷ್ಟು, ತೇವಾಂಶ ಎಷ್ಟು, ಒಲೆಯಲ್ಲಿ ಎಷ್ಟು ಗಂಟೆ. ರೆಕ್ಕೆಯ ಜತೆಗೇ ಅದೇ ಬಟ್ಟೆ, ಅದೇ ಅಂಟಿನ ಒಂದು ಚೂರನ್ನೂ ಬೇಯಿಸಿ ಆಮೇಲೆ ಅದನ್ನು ಮುರಿದು ನೋಡುತ್ತಾರೆ. ಅಂಟಿಸಿದ ಜಾಗಗಳನ್ನು ಅಲ್ಟ್ರಾಸೌಂಡ್‌ನಿಂದ ನೋಡುವುದುಂಟು. ಇಷ್ಟಾದರೂ ಒಂದು ಹಳೆಯ ಪರೀಕ್ಷೆ ಹೋಗಿಲ್ಲ. ತಪಾಸಣೆಯವನು ಒಂದು ನಾಣ್ಯವನ್ನೋ ಪುಟ್ಟ ಸುತ್ತಿಗೆಯನ್ನೋ ಹಿಡಿದು, ಅಂಗಡಿಯಲ್ಲಿ ತೆಂಗಿನಕಾಯಿ ಬಡಿದು ನೋಡುವ ಹಾಗೆ, ರೆಕ್ಕೆಯ ಮೈಯನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗುತ್ತಾನೆ. ಒಳಗೆ ಅಂಟು ಕೂಡಿದ ಕಡೆ ಟಣ್ ಎನ್ನುತ್ತದೆ, ಬಿಟ್ಟ ಕಡೆ ಸದ್ದು ಮಂದವಾಗುತ್ತದೆ. ಮಂದ ಸದ್ದು ಬಂದ ಕಡೆ ಪೆನ್ಸಿಲ್‌ನಲ್ಲಿ ಸುತ್ತು ಹಾಕುತ್ತಾನೆ. ಆ ಗುರುತಿಗೆ ಉತ್ತರ ಸಿಗುವವರೆಗೆ ರೆಕ್ಕೆ ಮುಂದೆ ಹೋಗುವುದಿಲ್ಲ.

ಇದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸಿರಸ್‌ನ ಎದುರಾಳಿಯ ಕಥೆಯೇ ಇದೆ. ಲ್ಯಾನ್ಸ್ ನೈಬಾವರ್ ಅವರ ಲ್ಯಾನ್ಸೇರ್ ಕಿಟ್‌ಗಳು 1980ರ ದಶಕದಿಂದಲೂ ಹವ್ಯಾಸಿಗಳ ಕಣ್ಮಣಿಗಳಾಗಿದ್ದವು. ಅವುಗಳಲ್ಲಿ ಇಎಸ್ ಎಂಬ ಮಾದರಿಯನ್ನು ತಿದ್ದಿ ಕೊಲಂಬಿಯಾ 300 ಎಂಬ ವಿಮಾನ ಮಾಡಿದರು. ಸಿರಸ್ ಪಡೆದ ವರ್ಷವೇ, 1998ರಲ್ಲಿ, ಅದೂ ಟೈಪ್ ಸರ್ಟಿಫಿಕೇಟ್ ಪಡೆಯಿತು. ಹಾರಿಸಿದವರು ಅದನ್ನು ಇಂದಿಗೂ ಹೊಗಳುತ್ತಾರೆ. ಆದರೆ ಕಂಪನಿಯ ಕೈಯಲ್ಲಿ ಹಣ ನಿಲ್ಲಲಿಲ್ಲ. 2006ರಲ್ಲಿ ಒರೆಗಾನ್‌ನ ಬೆಂಡ್‌ನಲ್ಲಿ ಸುರಿದ ಆಲಿಕಲ್ಲು ಮಳೆ, ಮಾರಲು ನಿಲ್ಲಿಸಿದ್ದ ವಿಮಾನಗಳನ್ನು ಜಜ್ಜಿಹಾಕಿತು. 2007ರಲ್ಲಿ ಕಂಪನಿ ದಿವಾಳಿಯಾಗಿ, ಸೆಸ್ನಾ 2.64 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಖರ್ಚು ಇಳಿಸಲು ತಯಾರಿಕೆಯನ್ನು ಮೆಕ್ಸಿಕೊದ ಚಿವಾವಾ ಕಾರ್ಖಾನೆಗೆ ಸಾಗಿಸಿದರು. 2010ರ ಡಿಸೆಂಬರಿನಲ್ಲಿ ಹೊಸ ವಿಮಾನವೊಂದರ ಪರೀಕ್ಷಾ ಹಾರಾಟದಲ್ಲಿ ರೆಕ್ಕೆಯ ಮೇಲ್ಮೈ ಅಡಿಗಟ್ಟಲೆ ಉದ್ದಕ್ಕೆ ಬಿಟ್ಟುಕೊಂಡಿತು, ಇಂಧನ ಸೋರಿತು. ಕಾರ್ಖಾನೆಯ ಗಾಳಿಯಲ್ಲಿ ತೇವಾಂಶ ಹೆಚ್ಚಾಗಿ ಅಂಟು ಸರಿಯಾಗಿ ಹಿಡಿದಿರಲಿಲ್ಲ ಎಂದ ಎಫ್‌ಎಎ, 24 ಲಕ್ಷ ಡಾಲರ್ ದಂಡ ಹಾಕಲು ಮುಂದಾಯಿತು. ವಿನ್ಯಾಸ ಅದೇ, ನಕ್ಷೆ ಅದೇ. ಬದಲಾದದ್ದು ಗಾಳಿ ಮತ್ತು ಕೈ. 2018ರಲ್ಲಿ ಆ ವಿಮಾನದ ತಯಾರಿಕೆಯೇ ನಿಂತುಹೋಯಿತು. ಅಷ್ಟು ಚೆಂದದ ವಿಮಾನ ಹಾಗೆ ಮರೆಯಾದದ್ದು ನನಗೆ ನಿಜವಾಗಿಯೂ ನೋವು ತರುವ ಸಂಗತಿ.

ಸಿರಸ್ ಉಳಿಯಿತು, ಆದರೆ ಅಣ್ಣ ತಮ್ಮಂದಿರ ಕೈಯಲ್ಲಿ ಉಳಿಯಲಿಲ್ಲ. 2001ರಲ್ಲಿ ಬಹರೇನ್ ಮೂಲದ ಹೂಡಿಕೆ ಸಂಸ್ಥೆಗೆ ಹೆಚ್ಚಿನ ಪಾಲು ಹೋಯಿತು. 2009ರಲ್ಲಿ ಅಲನ್ ಹೊರನಡೆದರು. 2011ರಲ್ಲಿ ಚೀನಾ ಸರ್ಕಾರದ ವಿಮಾನ ಸಂಸ್ಥೆ ಇಡೀ ಕಂಪನಿಯನ್ನು ಕೊಂಡಿತು. 2024ರಲ್ಲಿ ಅದು ಹಾಂಗ್‌ಕಾಂಗ್ ಷೇರುಪೇಟೆಗೆ ಬಂತು. ಕೊಟ್ಟಿಗೆಯಲ್ಲಿ ಹುಟ್ಟಿದ ಕಂಪನಿಯ ವಿಮಾನಗಳ ಸಂಖ್ಯೆ ಹತ್ತು ಸಾವಿರ ದಾಟಿದೆ.

ಇಷ್ಟು ದೊಡ್ಡ ಗುಡ್ಡ ಹತ್ತಲಾಗದವರಿಗೆ ಅಮೆರಿಕ 2004ರಲ್ಲಿ ಒಂದು ನಡುದಾರಿ ಮಾಡಿಕೊಟ್ಟಿತು. ಎರಡು ಆಸನದ, ಹಗುರವಾದ, ನಿಧಾನದ ವಿಮಾನವಾದರೆ ಪೂರ್ತಿ ಟೈಪ್ ಸರ್ಟಿಫಿಕೇಟ್ ಬೇಡ. ಉದ್ಯಮದವರೇ ಕೂತು ಒಪ್ಪಿದ ಮಾನದಂಡಕ್ಕೆ ತನ್ನ ವಿಮಾನ ಹೊಂದುತ್ತದೆ ಎಂದು ತಯಾರಕ ಘೋಷಿಸಿ ಹೊಣೆ ಹೊತ್ತರೆ ಸಾಕು. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಅವರ ಒರೆಗಾನ್‌ನ ಕಂಪನಿ ವ್ಯಾನ್ಸ್, ತನ್ನ ಆರ್‌ವಿ-12 ಕಿಟ್ಟನ್ನು ಈ ದಾರಿಯಲ್ಲೇ ಸಿದ್ಧ ವಿಮಾನವಾಗಿ ಮಾರಿತು. ಅವರ ಆರ್‌ವಿ-6ಎ ನೈಜೀರಿಯಾದ ಕಡೂನದಲ್ಲಿ ‘ಏರ್ ಬೀಟಲ್’ ಎಂಬ ಹೆಸರಿನಲ್ಲಿ ವಾಯುಪಡೆಯ ತರಬೇತಿ ವಿಮಾನವೇ ಆಗಿತ್ತು. ಕಿಟ್ ಲೋಕದಲ್ಲಿ ಇವರಷ್ಟು ಹೆಸರು ಮಾಡಿದವರಿಲ್ಲ. ಅವರೂ 2023ರ ಕೊನೆಗೆ ದಿವಾಳಿ ರಕ್ಷಣೆಗೆ ಅರ್ಜಿ ಹಾಕಬೇಕಾಯಿತು. ಮುಖ್ಯ ಕಾರಣಗಳಲ್ಲಿ ಒಂದು, ತಗಡಿಗೆ ಲೇಸರಿನಿಂದ ಕೊರೆಸಿದ ತೂತುಗಳು. ರಿವೆಟ್ ಕೂರಿಸಲು ತೂತಿನ ಅಂಚನ್ನು ಒತ್ತಿದಾಗ ಕೆಲವು ಸಣ್ಣಗೆ ಬಿರುಕು ಬಿಟ್ಟವು. ಭಾಗಗಳನ್ನು ಬದಲಿಸಿಕೊಡುವ ಹೊರೆಯೇ ಕಂಪನಿಯನ್ನು ಅಲ್ಲಾಡಿಸಿತು. ಮರುವರ್ಷ ಅದು ಚೇತರಿಸಿಕೊಂಡಿತು. ಆ ನಡುದಾರಿ ಮಾತ್ರ ಈಗ ಇನ್ನಷ್ಟು ಅಗಲವಾಗಿದೆ. 2025ರ ಜುಲೈಯಲ್ಲಿ ಆಶ್ಕಾಶ್‌ನಲ್ಲೇ ಘೋಷಿಸಿದ ಹೊಸ ನಿಯಮ, ಇನ್ನೂ ಭಾರದ, ನಾಲ್ಕು ಆಸನದ ವಿಮಾನಗಳಿಗೂ ಅವಕಾಶ ಕೊಟ್ಟಿದೆ.

ನಮ್ಮಲ್ಲಿ? ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಎನ್‌ಎಎಲ್‌ನ ಕಥೆ ಈ ಲೋಕಕ್ಕೆ ಜನ ತಿಳಿದುಕೊಂಡಿರುವುದಕ್ಕಿಂತ ಹತ್ತಿರದ್ದು. 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಅಮೆರಿಕದ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝೀ ಎಂಬ ಮನೆಕಟ್ಟು ವಿಮಾನದ ನಕ್ಷೆ ಹಿಡಿದು ಒಂದು ಸಂಶೋಧನಾ ವಿಮಾನ ಕಟ್ಟಿದರು. ಅಮೆರಿಕದ ಹವ್ಯಾಸಿಗಳು ಗ್ಯಾರೇಜಿನಲ್ಲಿ ಕಲಿತ ಫೈಬರ್‌ಗ್ಲಾಸಿನ ಕೆಲಸವನ್ನು ನಮ್ಮವರು ಪ್ರಯೋಗಾಲಯದಲ್ಲಿ ಕೈಯಾರೆ ಕಲಿತರು. ಅದರ ಬೆನ್ನಿಗೇ ಹಂಸ ಬಂತು. ಅದು ಮಾತ್ರ ಪೂರ್ತಿ ನಮ್ಮದೇ ವಿನ್ಯಾಸ, ಎರಡು ಆಸನದ ತರಬೇತಿ ವಿಮಾನ. ಹಂಸ-2 1993ರಲ್ಲಿ, ಹಂಸ-3 1996ರಲ್ಲಿ ಹಾರಿದವು. 2000ದಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಪ್ರಮಾಣಪತ್ರವೂ ಸಿಕ್ಕಿತು. ಕೆಲವು ಫ್ಲೈಯಿಂಗ್ ಕ್ಲಬ್ಬುಗಳಿಗೆ ವಿಮಾನ ಹೋಯಿತು, ಕಾನ್ಪುರದ ಐಐಟಿ ಒಂದನ್ನು ಸಂಶೋಧನೆಗೆ ಬಳಸಿತು. ಮೊದಲ ಗುಡ್ಡವನ್ನು, ಸಿರಸ್ ಹತ್ತಿದ್ದ ಗುಡ್ಡವನ್ನೇ, ನಾವು ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ಹತ್ತಿದ್ದೆವು. ಎರಡನೆಯದನ್ನು ಹತ್ತಲಿಲ್ಲ. ವರ್ಷಕ್ಕೆ ನೂರು ವಿಮಾನ ಕಟ್ಟುವ ಕಾರ್ಖಾನೆ ಎದ್ದು ನಿಲ್ಲಲಿಲ್ಲ.

ಅದರ ಫಲ ಏನೆಂದರೆ, ವಾಯುಪಡೆ, ನೌಕಾಪಡೆ ಮತ್ತು ಎನ್‌ಸಿಸಿಗೆ 194 ಪುಟ್ಟ ವಿಮಾನ ಬೇಕಾದಾಗ ಗುತ್ತಿಗೆ ಹೋದದ್ದು ಸ್ಲೊವೇನಿಯಾದ ಪಿಪಿಸ್ಟ್ರೆಲ್‌ಗೆ. ಇಂಜಿನ್ ಕಟ್ಟಿದ ಗಾಳಿಪಟದಂಥ ಹ್ಯಾಂಗ್ ಗ್ಲೈಡರ್‌ಗಳಿಂದ ಶುರುವಾದ, ಇಪ್ಪತ್ತು ಲಕ್ಷ ಜನಸಂಖ್ಯೆಯ ದೇಶದ ಕಂಪನಿ ಅದು. ಮುಂಬಯಿಯ ಕಾಂದಿವಲಿಯಲ್ಲಿ ಮನೆಯ ತಾರಸಿಯ ಮೇಲೆ ಆರು ಆಸನದ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅದನ್ನು ನೋಂದಾಯಿಸಿಕೊಳ್ಳಲು ವರ್ಷಗಟ್ಟಲೆ ಅಲೆದರು. 2017ರಲ್ಲಿ ನೋಂದಣಿ ಸಿಕ್ಕಿತು. ಮರುವರ್ಷ ಮಹಾರಾಷ್ಟ್ರ ಸರ್ಕಾರ ಪಾಲ್ಘರ್‌ನಲ್ಲಿ 35 ಸಾವಿರ ಕೋಟಿ ರೂಪಾಯಿಯ ಕಾರ್ಖಾನೆಗೆ ಅವರ ಜತೆ ಒಡಂಬಡಿಕೆ ಮಾಡಿಕೊಂಡಿತು. ತಾರಸಿಯಿಂದ ನೇರವಾಗಿ 35 ಸಾವಿರ ಕೋಟಿಗೆ! ನಡುವಿನ ಮೆಟ್ಟಿಲುಗಳೇ ನಮ್ಮಲ್ಲಿಲ್ಲ ಎಂಬುದು ನನ್ನ ಬಲವಾದ ನಂಬಿಕೆ. ಹತ್ತು ಕಿಟ್ ಮಾರಿ ತಪ್ಪು ಕಲಿಯುವ, ಐವತ್ತು ಹಗುರ ವಿಮಾನ ಮಾರಿ ಕಾರ್ಖಾನೆ ನಡೆಸುವುದನ್ನು ಕಲಿಯುವ ಹಂತ ಸಿರಸ್‌ಗೆ, ವ್ಯಾನ್ಸ್‌ಗೆ, ಪಿಪಿಸ್ಟ್ರೆಲ್‌ಗೆ ಸಿಕ್ಕಿತ್ತು. ಆ ಹಂತಕ್ಕೆ ಬೇಕಾದ ನಿಯಮ, ಸಾಲ, ಸಹನೆ ಇಲ್ಲಿ ಯಾರ ಕೈಯಲ್ಲೂ ಇಲ್ಲ.

ಹಂಸದ ಹೊಸ ತಲೆಮಾರು ಎನ್‌ಜಿ 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಹಾರಿತು, ಮರುವರ್ಷ ಪುದುಚೇರಿಯಲ್ಲಿ ಸಮುದ್ರ ಮಟ್ಟದ ಪರೀಕ್ಷೆಗಳನ್ನು ಮುಗಿಸಿತು. 2025ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಎನ್‌ಎಎಲ್ ಮುಂಬಯಿಯ ಪಯನಿಯರ್ ಕ್ಲೀನ್ ಆ್ಯಂಪ್ಸ್ ಎಂಬ ಖಾಸಗಿ ಕಂಪನಿಗೆ ಒಪ್ಪಿಸಿದೆ. ಪೈಲಟ್ ಆಗಬೇಕೆಂದು ಮನೆ ಒತ್ತೆಯಿಟ್ಟು ವಿದೇಶಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರ ಸಂಖ್ಯೆ ನೋಡಿದರೆ ಆ ವಿಮಾನ ಬೇಗ ಬರಲಿ ಎಂದೇ ಅನ್ನಿಸುತ್ತದೆ. ಬರುವ ಮುಂಚೆ ಆ ಕಂಪನಿಯನ್ನು ಕೇಳಬೇಕಾದ ಪ್ರಶ್ನೆಗಳು ಮಾತ್ರ ಹಾರಾಟದವಲ್ಲ. ಮಳೆಗಾಲದಲ್ಲಿ ಅಂಟಿಸುವ ಕೋಣೆಯ ತೇವಾಂಶ ಎಷ್ಟಕ್ಕೆ ನಿಲ್ಲಿಸುತ್ತೀರಿ, ಮೀರಿದ ದಿನ ಕೆಲಸ ನಿಲ್ಲಿಸುವ ಅಧಿಕಾರ ಯಾರದು? ರೆಕ್ಕೆ ತಟ್ಟಿ ನೋಡಲು ಎಷ್ಟು ಜನರನ್ನು ತಯಾರು ಮಾಡಿದ್ದೀರಿ, ಅವರು ಹಾಕಿದ ಪೆನ್ಸಿಲ್ ಸುತ್ತನ್ನು ಅಳಿಸುವ ಮುನ್ನ ಯಾರ ಸಹಿ ಬೇಕು? ಮೈಸೂರಿನ ಹ್ಯಾಂಗರಿನಲ್ಲಿ ವಿಮಾನ ನಿಂತರೆ ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ, 15 ವರ್ಷದ ಮೇಲೂ ಬರುತ್ತದೆಯೇ?